ಖಾಕಿ ಅಂಗಿಯೊಳಗೂ ಒಂದು ಮನಸ್ಸು

ಎತ್ತರ ಎಷ್ಟು, ಎದೆಯ ಸುತ್ತಳತೆ ಎಷ್ಟು, ಓಟ ಎಷ್ಟು ಚುರುಕು? ಪೊಲೀಸ್ ಕೆಲಸ ಬೇಕೆಂದು ಬಂದವರಲ್ಲಿ ಇವನ್ನೆಲ್ಲ ಅಳೆಯುತ್ತೇವೆ. ಆದರೆ ಸೇವೆಯ ಮೂವತ್ತು ವರ್ಷ ಭಾರ ಹೊರಬೇಕಾದದ್ದು ಮನಸ್ಸು. ಅದರ ಆರೋಗ್ಯದ ಚಿಂತೆ ಯಾರದು? ಓದುತ್ತಿರುವ ಮಕ್ಕಳು ಮತ್ತು ಅವರ ತಂದೆ ತಾಯಂದಿರು ಯೋಚಿಸಬೇಕಾದ ಪ್ರಶ್ನೆ ಇದು.

ವಿಜಯನಗರದಲ್ಲಿ ಒಮ್ಮೆ ಸುತ್ತು ಹಾಕಿ ಬನ್ನಿ. ಮಾರುತಿ ಮಂದಿರದ ಕಡೆಯಿಂದ ಅತ್ತಿಗುಪ್ಪೆ, ಅಲ್ಲಿಂದ ಚಂದ್ರಾ ಲೇಔಟ್‌ವರೆಗೆ ಎಲ್ಲಿ ನೋಡಿದರೂ ಕೋಚಿಂಗ್ ಸೆಂಟರುಗಳ ಬೋರ್ಡು, ಪಿ.ಜಿ.ಗಳ ಬೋರ್ಡು, ತಿಂಗಳ ಬಾಡಿಗೆಗೆ ಒಂದು ಕುರ್ಚಿ ಒಂದು ಮೇಜು ಕೊಡುವ ಓದುವ ಕೋಣೆಗಳು. ಕಲಬುರಗಿ, ರಾಯಚೂರು, ವಿಜಯಪುರ, ಚಿತ್ರದುರ್ಗಗಳಿಂದ ಬಂದ ಯುವಕ ಯುವತಿಯರು ಇಲ್ಲಿ ಹಗಲಿರುಳು ಓದುತ್ತಾರೆ. ಕೆಲವರ ಕಣ್ಣು ಕೆ.ಎ.ಎಸ್. ಮೇಲೆ. ಬಹಳಷ್ಟು ಜನರ ಕಣ್ಣು ಪಿ.ಎಸ್.ಐ. ಮತ್ತು ಕಾನ್‌ಸ್ಟೆಬಲ್ ಹುದ್ದೆಗಳ ಮೇಲೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ಕಲಮುಗಳು ಅವರ ಬಾಯಲ್ಲಿ. ಬೆಳಗಾಗುವ ಮುನ್ನವೇ ಮೈದಾನದಲ್ಲಿ ಓಟ, ಉದ್ದಜಿಗಿತ, ಗುಂಡು ಎಸೆತದ ಅಭ್ಯಾಸ.

ಪುರುಷ ಅಭ್ಯರ್ಥಿಯ ಎತ್ತರ 168 ಸೆಂಟಿಮೀಟರ್ ಇರಬೇಕು, ಎದೆಯ ಸುತ್ತಳತೆ ಉಸಿರು ತುಂಬಿಕೊಂಡಾಗ 86 ಸೆಂಟಿಮೀಟರ್ ಆಗಬೇಕು ಎಂಬುದನ್ನು ಈ ಹುಡುಗರು ನಿದ್ದೆಯಲ್ಲೂ ಹೇಳಬಲ್ಲರು. ಆದರೆ ಎದೆಯೊಳಗೆ ಏನು ತುಂಬಿಕೊಳ್ಳುತ್ತದೆ ಎಂಬುದನ್ನು ಅಳೆಯುವ ಟೇಪು ಯಾವ ಮೈದಾನದಲ್ಲೂ ಇಲ್ಲ. ಅದು ತಿಳಿಯುವುದು ಕೆಲಸ ಸಿಕ್ಕಿದ ಮೇಲೆ.

ಹೊರಗಿನವರಿಗೆ ಕಾಣದ ದಿನಚರಿ

ರಾಜಾಜಿನಗರ, ಬಸವೇಶ್ವರನಗರ, ಕಾಮಾಕ್ಷಿಪಾಳ್ಯ, ಕೆಂಗೇರಿ... ಯಾವ ಠಾಣೆಯನ್ನಾದರೂ ತೆಗೆದುಕೊಳ್ಳಿ. ನಮಗೆ ಕಾಣುವುದು ಸಿಗ್ನಲ್ಲಿನಲ್ಲಿ ಕೈ ಅಡ್ಡ ಹಿಡಿದವರು, ಜಾತ್ರೆ ಮೆರವಣಿಗೆಗಳಲ್ಲಿ ಹಗ್ಗ ಹಿಡಿದು ನಿಂತವರು, ಪಾಸ್‌ಪೋರ್ಟ್ ವಿಚಾರಣೆಗೆ ಮನೆಗೆ ಬಂದವರು. ನಮಗೆ ಕಾಣದ ಕೆಲಸಗಳು ಇದಕ್ಕಿಂತ ಹೆಚ್ಚು.

ಮೈಸೂರು ರಸ್ತೆಯಲ್ಲಿ ರಾತ್ರಿ ಒಂದು ಬೈಕು ಅಪಘಾತವಾಯಿತು ಎಂದುಕೊಳ್ಳಿ. ಸತ್ತವನು ಹತ್ತೊಂಬತ್ತರ ಹುಡುಗ. ಶವವನ್ನು ಮೊದಲು ಮುಟ್ಟುವವರು ಪೊಲೀಸರು. ಜೇಬಿನಲ್ಲಿದ್ದ ಮೊಬೈಲು ಬಡಿದುಕೊಳ್ಳುತ್ತದೆ. ಪರದೆಯ ಮೇಲೆ ‘ಅಮ್ಮ’ ಎಂದು ಕಾಣುತ್ತದೆ. ಆ ಕರೆಯನ್ನು ಯಾರಾದರೂ ಎತ್ತಲೇಬೇಕು. ಎತ್ತಿ ಏನು ಹೇಳಬೇಕು ಎಂಬುದನ್ನು ಯಾವ ಗೈಡೂ ಕಲಿಸುವುದಿಲ್ಲ. ಮರುದಿನ ಅದೇ ಕಾನ್‌ಸ್ಟೆಬಲ್ ಶವಾಗಾರದ ಮುಂದೆ ನಿಂತು, ಊರಿನಿಂದ ಬಸ್ಸು ಹತ್ತಿ ಬಂದ ತಂದೆಯ ಕೈಯಲ್ಲಿ ಕಾಗದಗಳಿಗೆ ಸಹಿ ಹಾಕಿಸಿಕೊಳ್ಳಬೇಕು. ಅಂದು ಸಂಜೆ ಯಾವುದೋ ಸಭೆಗೆ ಬಂದೋಬಸ್ತ್. ರಾತ್ರಿ ಗಸ್ತು. ನಡುವೆ ಅತ್ತುಬಿಡಲು ಐದು ನಿಮಿಷದ ಬಿಡುವೂ ಇಲ್ಲ. ಬಿಡುವಿದ್ದರೂ ಸಮವಸ್ತ್ರದಲ್ಲಿ ಅಳುವಂತಿಲ್ಲ!

ಈ ಕೆಲಸದ ಭಾರವನ್ನು ಅಂಕಿಗಳೂ ಹೇಳುತ್ತವೆ. ಕೇಂದ್ರದ ಪೊಲೀಸ್ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಗಾಗಿ 2014ರಲ್ಲಿ ಸಿದ್ಧವಾದ ಅಧ್ಯಯನವೊಂದು ದೇಶದ ಠಾಣಾ ಸಿಬ್ಬಂದಿಯಲ್ಲಿ ಸುಮಾರು ಶೇ 90ರಷ್ಟು ಮಂದಿ ದಿನಕ್ಕೆ ಎಂಟು ಗಂಟೆಗೂ ಹೆಚ್ಚು ಕೆಲಸ ಮಾಡುತ್ತಾರೆ ಎಂದು ಕಂಡುಕೊಂಡಿತು. ‘ಕಾಮನ್ ಕಾಸ್’ ಸಂಸ್ಥೆ ಮತ್ತು ಲೋಕನೀತಿ-ಸಿ.ಎಸ್.ಡಿ.ಎಸ್. ಸೇರಿ 2019ರಲ್ಲಿ ಹೊರತಂದ ವರದಿಯ ಪ್ರಕಾರ ನಮ್ಮ ಪೊಲೀಸರ ದಿನದ ದುಡಿಮೆ ಸರಾಸರಿ 14 ಗಂಟೆ. ಇಬ್ಬರಲ್ಲಿ ಒಬ್ಬರಿಗೆ ವಾರದ ರಜೆಯೇ ಇಲ್ಲ. ಕೆಲಸದ ಹೊರೆ ತಮ್ಮ ದೇಹ ಮತ್ತು ಮನಸ್ಸಿನ ಆರೋಗ್ಯವನ್ನು ಕೆಡಿಸುತ್ತಿದೆ ಎಂದು ನಾಲ್ವರಲ್ಲಿ ಮೂವರು ಹೇಳಿಕೊಂಡರು.

ವಿಷಯ ಹೊಸದೇನೂ ಅಲ್ಲ. ನಮ್ಮದೇ ಊರಿನ ನಿಮ್ಹಾನ್ಸ್‌ನ ತಜ್ಞರು ಪೊಲೀಸ್ ಸಿಬ್ಬಂದಿಯ ಮಾನಸಿಕ ನೆಮ್ಮದಿಯ ಬಗ್ಗೆ 1998ರಷ್ಟು ಹಿಂದೆಯೇ ಭಾರತೀಯ ಮನೋವೈದ್ಯರ ಪತ್ರಿಕೆಯಲ್ಲಿ ಲೇಖನ ಪ್ರಕಟಿಸಿದ್ದರು. ಅಂದು ಹುಟ್ಟಿದ ಮಕ್ಕಳು ಇಂದು ಸಮವಸ್ತ್ರ ಧರಿಸುವ ವಯಸ್ಸಿಗೆ ಬಂದಿದ್ದಾರೆ. ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ.

ಕಂಠೀರವ ಸ್ಟುಡಿಯೊ ಹೇಳುವ ಎರಡು ಕಥೆ

ಪಶ್ಚಿಮ ಬೆಂಗಳೂರಿನ ಹಿರಿಯರು 2006ರ ಏಪ್ರಿಲ್ ತಿಂಗಳನ್ನು ಮರೆತಿರಲಾರರು. ಏಪ್ರಿಲ್ 12ರಂದು ವರನಟ ಡಾ. ರಾಜ್‌ಕುಮಾರ್ ತೀರಿಕೊಂಡರು. ಇಡೀ ನಾಡಿಗೆ ಮನೆಯ ಹಿರಿಯನನ್ನು ಕಳೆದುಕೊಂಡ ದುಃಖ. ಆ ದುಃಖ ಕೆಲವು ಗಂಟೆಗಳಲ್ಲಿ ಕಲ್ಲಾಯಿತು, ಬೆಂಕಿಯಾಯಿತು. ಬಸ್ಸುಗಳು ಉರಿದವು, ಗೋಲಿಬಾರ್ ನಡೆಯಿತು, ಜೀವಗಳು ಹೋದವು. ಹೊರವರ್ತುಲ ರಸ್ತೆಯ ಕಂಠೀರವ ಸ್ಟುಡಿಯೊದಲ್ಲಿ ಅಂತ್ಯಕ್ರಿಯೆ ನಡೆದ ಆ ದಿನಗಳ ಗಲಭೆಯಲ್ಲಿ ಸತ್ತವರ ಪೈಕಿ ಪೊಲೀಸ್ ಸಿಬ್ಬಂದಿಯೊಬ್ಬರೂ ಇದ್ದರು. ಉದ್ರಿಕ್ತ ಗುಂಪಿನ ಕೈಗೆ ಸಿಕ್ಕಿ ಅವರು ಪ್ರಾಣ ಬಿಟ್ಟರು. ಅವರ ಜೊತೆ ಲಾಠಿ ಹಿಡಿದು ನಿಂತಿದ್ದವರು ಮರುದಿನವೂ ಕೆಲಸಕ್ಕೆ ಬರಬೇಕಿತ್ತು, ಬಂದರು. ಒಡನಾಡಿಯನ್ನು ಹೀಗೆ ಕಳೆದುಕೊಂಡವನ ಮನಸ್ಸಿನಲ್ಲಿ ಏನೇನು ಉಳಿಯುತ್ತದೆ ಎಂದು ನಾವು ಯಾರಾದರೂ ಕೇಳಿದೆವೆ?

ಹದಿನೈದು ವರ್ಷಗಳ ನಂತರ, 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹಠಾತ್ತನೆ ತೀರಿಕೊಂಡರು. ಮತ್ತೆ ಅದೇ ಆಘಾತ, ಅದೇ ಜನಸಾಗರ. ಕಂಠೀರವ ಕ್ರೀಡಾಂಗಣದಲ್ಲಿ ಲಕ್ಷಾಂತರ ಮಂದಿ ಸಾಲುಗಟ್ಟಿ ಅಂತಿಮ ದರ್ಶನ ಪಡೆದರು. ಅಕ್ಟೋಬರ್ 31ರ ಬೆಳಗಿನ ಜಾವ ಅದೇ ಸ್ಟುಡಿಯೊ ಆವರಣದಲ್ಲಿ, ತಂದೆಯ ಸಮಾಧಿಯ ಬಳಿಯೇ ಅಂತ್ಯಕ್ರಿಯೆ ನಡೆಯಿತು. ಈ ಬಾರಿ ನಗರ ಹೊತ್ತಿ ಉರಿಯಲಿಲ್ಲ. ಜನರ ಸಂಯಮ ಅದಕ್ಕೆ ಮುಖ್ಯ ಕಾರಣ. ಜೊತೆಗೆ ಹಿಂದಿನ ಅನುಭವದಿಂದ ಪಾಠ ಕಲಿತು, ಎರಡು ರಾತ್ರಿ ಎರಡು ಹಗಲು ನಿಂತ ಕಾಲಲ್ಲಿ ನಿಂತು ಅಳುವವರನ್ನು ಅಳಲು ಬಿಟ್ಟು ಸಾಲನ್ನು ಮುಂದೆ ಸಾಗಿಸಿದ ಪೊಲೀಸರ ಪಾಲೂ ಇದೆ. ಅವರಲ್ಲೂ ಎಷ್ಟೋ ಮಂದಿ ‘ಅಪ್ಪು’ವಿನ ಅಭಿಮಾನಿಗಳೇ. ತಮ್ಮ ದುಃಖವನ್ನು ಪಕ್ಕಕ್ಕಿಟ್ಟು ಇನ್ನೊಬ್ಬರ ದುಃಖಕ್ಕೆ ಕಾವಲು ನಿಲ್ಲುವುದೆಂದರೆ ಸಾಮಾನ್ಯ ಕೆಲಸವಲ್ಲ. ಅಮೆರಿಕದ ಸಮಾಜವಿಜ್ಞಾನಿ ಆರ್ಲಿ ಹೋಕ್‌ಶೀಲ್ಡ್ 1983ರಲ್ಲಿ ಬರೆದ ಪುಸ್ತಕದಲ್ಲಿ ಇಂಥ ದುಡಿಮೆಗೆ ‘ಭಾವನೆಗಳ ಶ್ರಮ’ ಎಂಬ ಹೆಸರು ಕೊಟ್ಟರು. ಮೈ ದುಡಿದರೆ ಬೆವರು ಕಾಣುತ್ತದೆ. ಮನಸ್ಸು ದುಡಿದರೆ ಏನೂ ಕಾಣುವುದಿಲ್ಲ.

ನಿದ್ದೆಗೆಟ್ಟವನ ಲೆಕ್ಕ

ಶನಿವಾರ ರಾತ್ರಿ ಸಂಚಾರ ಪೊಲೀಸರು ಕುಡಿದು ವಾಹನ ಓಡಿಸುವವರನ್ನು ತಡೆದು ಯಂತ್ರಕ್ಕೆ ಊದಿಸುವುದನ್ನು ನೀವು ನೋಡಿರಬಹುದು. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರ ಇದ್ದರೆ ನಮ್ಮ ದೇಶದಲ್ಲಿ ಅದು ಅಪರಾಧ. ಇನ್ನೊಂದು ಲೆಕ್ಕ ನೋಡಿ. ಆಸ್ಟ್ರೇಲಿಯಾದ ಡಾಸನ್ ಮತ್ತು ರೀಡ್ ಎಂಬ ಸಂಶೋಧಕರು 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಪ್ರಯೋಗದ ಫಲ ಪ್ರಕಟಿಸಿದರು. ಹದಿನೇಳು ಗಂಟೆ ಸತತವಾಗಿ ಎಚ್ಚರವಿದ್ದವರ ಕೈಕಣ್ಣಿನ ಚುರುಕು, ರಕ್ತದಲ್ಲಿ 50 ಮಿಲಿಗ್ರಾಂ ಮದ್ಯಸಾರ ಇದ್ದವರಷ್ಟೇ ಕುಗ್ಗಿತ್ತು. ಇಪ್ಪತ್ತನಾಲ್ಕು ಗಂಟೆ ಎಚ್ಚರವಿದ್ದರೆ ಅದು ಇನ್ನೂ ಇಳಿದು, 100 ಮಿಲಿಗ್ರಾಂ ಕುಡಿದವನ ಮಟ್ಟಕ್ಕೆ ಬಂದಿತ್ತು!

ಅಂದರೆ, ಬೆಳಗಿನ ರೋಲ್ ಕಾಲ್‌ನಿಂದ ನಡುರಾತ್ರಿಯವರೆಗೆ ದುಡಿದ ಸಿಬ್ಬಂದಿ ಒಂದು ತೊಟ್ಟೂ ಕುಡಿಯದೆಯೇ ‘ಕುಡಿದವನ’ ಸ್ಥಿತಿ ಮುಟ್ಟಿರುತ್ತಾರೆ. ಅಂಥವರ ಕೈಯಲ್ಲಿ ಲಾಠಿ ಇದೆ, ಕೆಲವರ ಸೊಂಟದಲ್ಲಿ ಪಿಸ್ತೂಲಿದೆ, ಎದುರಿಗೆ ಕೂಗಾಡುವ ಜನರಿದ್ದಾರೆ. ಸಣ್ಣ ಮಾತಿಗೆ ಸಿಡುಕು, ಅನವಶ್ಯಕ ಕಪಾಳಮೋಕ್ಷ, ದೂರು ಕೊಡಲು ಬಂದವರ ಮೇಲೆಯೇ ರೇಗಾಟ ಇವೆಲ್ಲ ಎಷ್ಟೋ ಬಾರಿ ಇಲ್ಲಿಂದಲೇ ಹುಟ್ಟುತ್ತವೆ. ಇದನ್ನು ಹೇಳಿದ್ದು ಪೊಲೀಸ್ ದೌರ್ಜನ್ಯಕ್ಕೆ ಸಮಜಾಯಿಷಿ ಕೊಡಲು ಅಲ್ಲ. ಕಾನೂನು ಮೀರಿ ಕೈಮಾಡಿದವರು ಶಿಕ್ಷೆಗೆ ಅರ್ಹರೇ. ಆದರೆ ಸಿಬ್ಬಂದಿಯ ನೆಮ್ಮದಿ ಅವರ ಖಾಸಗಿ ವಿಷಯ ಎಂದು ಸಾರ್ವಜನಿಕರು ಕೈತೊಳೆದುಕೊಳ್ಳುವಂತಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ದಣಿದ ಪೊಲೀಸರ ಬೆಲೆಯನ್ನು ಕೊನೆಗೆ ತೆರುವವರು ನಾವೇ.

ಅಂದಹಾಗೆ, ಪರೀಕ್ಷೆಯ ಹಿಂದಿನ ರಾತ್ರಿ ಪೂರ್ತಿ ಎದ್ದು ಓದುವ ವಿದ್ಯಾರ್ಥಿಗಳಿಗೂ ಈ ಲೆಕ್ಕ ಅನ್ವಯಿಸುತ್ತದೆ ಎಂಬುದನ್ನು ಮರೆಯಬೇಡಿ.

ಗಟ್ಟಿಯಾಗುವುದು ಬೇರೆ, ಕಲ್ಲಾಗುವುದು ಬೇರೆ

‘ಪೊಲೀಸ್ ಆದ ಮೇಲೆ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು’ ಎನ್ನುತ್ತಾರೆ. ಸರಿಯೆ. ಆದರೆ ಗಟ್ಟಿತನ ಎಂದರೇನು? ಏನನ್ನೂ ಅನುಭವಿಸದಿರುವುದೆ? ಕಲ್ಲಿಗೆ ನೋವಾಗುವುದಿಲ್ಲ, ನಿಜ. ಆದರೆ ಒಮ್ಮೆ ಒಡೆದರೆ ಮತ್ತೆ ಕೂಡುವುದೂ ಇಲ್ಲ. ಮಾಗಡಿ, ಕೆಂಗೇರಿ ಸೀಮೆಯ ರೈತರನ್ನು ಕೇಳಿ. ಮಳೆ ಕೈಕೊಟ್ಟಾಗ ರಾಗಿ ಪೈರು ಬಾಡಿ ಮಲಗುತ್ತದೆ. ಒಂದು ಹದ ಮಳೆ ಬಿದ್ದರೆ ಮತ್ತೆ ತಲೆ ಎತ್ತುತ್ತದೆ. ಮನೋವಿಜ್ಞಾನಿಗಳು ಹೇಳುವ ಮನೋಸ್ಥೈರ್ಯ ಇಂಥದ್ದು. ಬಾಡಿದ ಮೇಲೆ ಚೇತರಿಸಿಕೊಳ್ಳುವುದೇ ಅದರ ಗುಣ.

ಒತ್ತಡ ದೇಹದೊಳಗೆ ಏನು ಮಾಡುತ್ತದೆ ಎಂಬುದನ್ನು 1936ರಲ್ಲಿ ವಿವರಿಸಿದವರು ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿ. ಅಪಾಯ ಎದುರಾದಾಗ ದೇಹ ಮೊದಲು ಎಚ್ಚರಗೊಳ್ಳುತ್ತದೆ. ಗುಂಡಿಗೆ ಜೋರಾಗಿ ಬಡಿಯುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಅಪಾಯ ಮುಂದುವರಿದರೆ ದೇಹ ಅದಕ್ಕೆ ಒಗ್ಗಿಕೊಂಡು ತಡೆದುಕೊಳ್ಳುತ್ತದೆ. ಮೂರನೆಯ ಹಂತದಲ್ಲಿ ಬಸವಳಿಯುತ್ತದೆ. ಸಾಮಾನ್ಯ ಮನುಷ್ಯನಿಗೆ ಅಪಾಯ ಅಪರೂಪ, ಹಾಗಾಗಿ ನಡುವೆ ಸುಧಾರಿಸಿಕೊಳ್ಳಲು ಸಮಯ ಸಿಗುತ್ತದೆ. ಪೊಲೀಸರಿಗೆ ಮೊದಲ ಹಂತ ಮುಗಿಯುವ ಮುನ್ನವೇ ಮತ್ತೊಂದು ಕರೆ. ಎಚ್ಚರದ ಗಂಟೆ ನಿಲ್ಲುವುದೇ ಇಲ್ಲ. ಮನೆಗೆ ಬಂದು ಮಲಗಿದರೂ ನಿದ್ದೆ ಬಾರದು. ಮಗು ಪಾತ್ರೆ ಬೀಳಿಸಿದರೂ ಬೆಚ್ಚುತ್ತಾರೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೊಟ್ಟೆಯ ಹುಣ್ಣುಗಳ ರೂಪದಲ್ಲಿ ಮನಸ್ಸಿನ ಮಾತನ್ನು ದೇಹ ಆಡತೊಡಗುತ್ತದೆ.

ಹಾಗಾದರೆ ಚೇತರಿಕೆ ಎಲ್ಲಿಂದ ಬರುತ್ತದೆ? ಇದಕ್ಕೆ ಒಂದು ಸೊಗಸಾದ ಉತ್ತರ ಹವಾಯಿ ದ್ವೀಪಸಮೂಹದ ಕವಾಯಿ ಎಂಬ ಪುಟ್ಟ ದ್ವೀಪದಿಂದ ಬಂದಿದೆ. ಎಮ್ಮಿ ವರ್ನರ್ ಎಂಬ ಮನಶ್ಶಾಸ್ತ್ರಜ್ಞೆ ತಮ್ಮ ಸಂಗಡಿಗರೊಂದಿಗೆ, ಅಲ್ಲಿ 1955ರಲ್ಲಿ ಹುಟ್ಟಿದ ಸುಮಾರು 700 ಮಕ್ಕಳನ್ನು ದಶಕಗಳ ಕಾಲ ಗಮನಿಸುತ್ತಾ ಬಂದರು. ಬಡತನ, ಕುಡುಕ ತಂದೆ, ಒಡೆದ ಸಂಸಾರ ಹೀಗೆ ಹಲವು ಕಷ್ಟಗಳ ನಡುವೆ ಬೆಳೆದ ಮಕ್ಕಳಲ್ಲಿ ಮೂರರಲ್ಲಿ ಒಂದು ಪಾಲು ಮಕ್ಕಳು ಯಾವ ಅಡ್ಡದಾರಿಯನ್ನೂ ಹಿಡಿಯದೆ ಒಳ್ಳೆಯ ಮನುಷ್ಯರಾಗಿ ಬೆಳೆದಿದ್ದರು. ಅವರಲ್ಲಿ ಎದ್ದು ಕಂಡ ಒಂದು ಅಂಶವೆಂದರೆ, ಅವರನ್ನು ಮನಸಾರೆ ಹಚ್ಚಿಕೊಂಡ ಒಬ್ಬ ಹಿರಿಯ ಜೀವ ಅವರ ಬದುಕಿನಲ್ಲಿತ್ತು. ಅಜ್ಜಿಯೋ, ಅತ್ತೆಯೋ, ಮೇಷ್ಟರೋ, ಯಾರಾದರೂ ಒಬ್ಬರು. ಮನೋಸ್ಥೈರ್ಯ ಹುಟ್ಟಿನಿಂದಲೇ ಬರುವ ವರವೇನಲ್ಲ, ಅದು ಸಂಬಂಧಗಳಲ್ಲಿ ಬೆಳೆಯುವ ಬೆಳೆ ಎಂಬುದನ್ನು ಈ ಅಧ್ಯಯನ ತೋರಿಸಿಕೊಟ್ಟಿತು. ಠಾಣೆಯಲ್ಲೂ ಅಷ್ಟೆ. ‘ಊಟ ಆಯ್ತೇನಪ್ಪಾ? ಯಾಕೆ ಮುಖ ಬಾಡಿದೆ?’ ಎಂದು ಕೇಳುವ ಒಬ್ಬ ಹಿರಿಯ ಹೆಡ್ ಕಾನ್‌ಸ್ಟೆಬಲ್ ಇದ್ದರೆ ಹೊಸಬರ ಅರ್ಧ ಭಾರ ಇಳಿಯುತ್ತದೆ.

ಇಲ್ಲಿ ಇನ್ನೊಂದು ವಿಷಯ. ಭೀಕರ ಘಟನೆ ಕಂಡವರನ್ನು ಕೂಡಲೇ ಕೂರಿಸಿ, ಎಲ್ಲವನ್ನೂ ಬಿಡಿಸಿ ಹೇಳಿಸಿದರೆ ಮನಸ್ಸು ಹಗುರಾಗುತ್ತದೆ ಎಂದು 1980ರ ದಶಕದಲ್ಲಿ ಪಶ್ಚಿಮ ದೇಶಗಳಲ್ಲಿ ನಂಬಿದ್ದರು. ಆದರೆ ಅಂಥ ಒಂದೇ ಬಾರಿಯ ಬಲವಂತದ ನಿವೇದನೆಯಿಂದ ಮುಂದಿನ ಮಾನಸಿಕ ತೊಂದರೆ ತಪ್ಪುವುದಿಲ್ಲ ಎಂದು ನಂತರದ ಪರಿಶೀಲನೆಗಳು ತೋರಿಸಿದವು. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೊರತಂದ ಕೈಪಿಡಿ ಬೇರೆ ದಾರಿ ತೋರಿಸುತ್ತದೆ. ನೋಡು, ಆಲಿಸು, ನೆರವಿನೊಂದಿಗೆ ಜೋಡಿಸು. ಏನು ಬೇಕಾಗಿದೆ ಎಂದು ಗಮನಿಸಿ, ಅವರಾಗಿ ಮಾತನಾಡಿದರೆ ಕಿವಿಗೊಟ್ಟು ಕೇಳಿ, ಬೇಕಾದ ಸಹಾಯಕ್ಕೆ ಕೈಹಿಡಿದು ಕರೆದೊಯ್ಯಿರಿ. ಬಾಯಿ ಬಿಡಿಸಲು ಹೋಗಬೇಡಿ. ಇದಕ್ಕೆ ದೊಡ್ಡ ಪದವಿಯೇನೂ ಬೇಕಿಲ್ಲ, ತಾಳ್ಮೆ ಬೇಕು.

ಮನೆಯೊಳಗಿನ ಮೌನ

ಪೊಲೀಸರ ಮನೆಯ ಮಕ್ಕಳಿಗೆ ಒಂದು ಅನುಭವ ಸಾಮಾನ್ಯ. ಶಾಲೆಯ ವಾರ್ಷಿಕೋತ್ಸವಕ್ಕೆ ಅಪ್ಪ ಬರುವುದಿಲ್ಲ. ಗೌರಿ ಗಣೇಶ ಹಬ್ಬದಲ್ಲಿ ಊರೆಲ್ಲ ಸಂಭ್ರಮಿಸುವಾಗ ಅಪ್ಪ ಇನ್ನೊಂದು ಬಡಾವಣೆಯ ಗಣೇಶನಿಗೆ ಕಾವಲು. ಯುಗಾದಿಯ ಹೋಳಿಗೆ ತಣ್ಣಗಾದ ಮೇಲೆ ಅಪ್ಪನ ಪಾಲಿಗೆ. ತಾಯಿ ಪೊಲೀಸ್ ಆಗಿದ್ದರಂತೂ ಎರಡು ಡ್ಯೂಟಿ. ಬಂದೋಬಸ್ತಿನಲ್ಲಿ ಇಡೀ ದಿನ ಶೌಚಾಲಯದ ಅನುಕೂಲವಿಲ್ಲದೆ ನಿಂತು ಬಂದವರು ಮನೆಯಲ್ಲಿ ಒಲೆಯ ಮುಂದೆ ನಿಲ್ಲಬೇಕು.

ತಲೆಯ ಮೇಲಿನ ಸೂರೂ ನೆಮ್ಮದಿಯ ಒಂದು ಭಾಗವೇ. ಮಾಗಡಿ ರಸ್ತೆಯಲ್ಲಿ ಹಳೆಯ ಬಿನ್ನಿ ಮಿಲ್ ಬಳಿ ಪೊಲೀಸ್ ಕುಟುಂಬಗಳಿಗೆಂದು ಕಟ್ಟಿದ್ದ ಏಳಂತಸ್ತಿನ ವಸತಿ ಕಟ್ಟಡ, ಕೆಲವೇ ವರ್ಷಗಳಲ್ಲಿ ಬಿರುಕು ಬಿಟ್ಟು ವಾಲಿದ ಸುದ್ದಿ 2021ರ ಅಕ್ಟೋಬರ್‌ನಲ್ಲಿ ಎಲ್ಲ ಪತ್ರಿಕೆಗಳಲ್ಲೂ ಬಂದಿತ್ತು. ಅಲ್ಲಿದ್ದ 32 ಕುಟುಂಬಗಳು ಗಂಟುಮೂಟೆ ಕಟ್ಟಬೇಕಾಯಿತು. ಊರ ಮನೆಗಳನ್ನು ಕಾಯುವವರಿಗೆ ತಮ್ಮ ಮನೆಯದೇ ಭರವಸೆ ಇಲ್ಲದಿದ್ದರೆ ಹೇಗೆ?

ಇನ್ನೊಂದು ತಪ್ಪು ನಮ್ಮದೇ. ಊಟ ಮಾಡದ ಮಗುವನ್ನು ‘ನೋಡು, ಪೊಲೀಸ್ ಬಂದು ಹಿಡ್ಕೊಂಡು ಹೋಗ್ತಾರೆ’ ಎಂದು ಹೆದರಿಸುತ್ತೇವೆ. ಕಳೆದುಹೋದಾಗ, ಕಾಟ ಕೊಡುವವರು ಬೆನ್ನಟ್ಟಿದಾಗ ಮಗು ಮೊದಲು ಓಡಬೇಕಾದದ್ದು ಆ ಖಾಕಿ ಅಂಗಿಯ ಬಳಿಗೆ. ನಾವು ಆ ದಾರಿಯನ್ನೇ ಮುಚ್ಚಿಬಿಡುತ್ತೇವೆ. ಅತ್ತ ಪೊಲೀಸರಿಗೂ, ಎಲ್ಲಿ ಹೋದರೂ ತಮ್ಮನ್ನು ಕಂಡು ಜನ ಸರಿದು ನಿಲ್ಲುವುದು ಒಂದು ಬಗೆಯ ಒಂಟಿತನ. ಸ್ನೇಹಿತರೆಂದರೆ ಇಲಾಖೆಯವರೇ, ಮಾತೆಂದರೆ ಇಲಾಖೆಯದೇ. ಹೊರಗಿನ ಗಾಳಿ ಬೀಸುವುದೇ ಇಲ್ಲ.

2016 ಕಲಿಸಿದ್ದೇನು?

ಪೊಲೀಸರಿಗೆ ಸಂಘ ಕಟ್ಟುವ, ಮುಷ್ಕರ ಹೂಡುವ ಸ್ವಾತಂತ್ರ್ಯ ಇತರ ನೌಕರರಿಗೆ ಇರುವಂತೆ ಇಲ್ಲ. 1966ರ ಕೇಂದ್ರ ಕಾಯಿದೆ ಅದನ್ನು ಬಿಗಿಯಾಗಿ ಕಟ್ಟಿಹಾಕಿದೆ. ಶಸ್ತ್ರ ಹಿಡಿದ ಪಡೆಯಲ್ಲಿ ಶಿಸ್ತು ಬೇಕು ಎಂಬ ವಾದದಲ್ಲಿ ಹುರುಳಿದೆ. ಆದರೆ ಬಾಯಿಗೆ ಬೀಗ ಹಾಕಿದಾಗ ಕಿವಿಯನ್ನಾದರೂ ತೆರೆದಿಡಬೇಕಲ್ಲವೆ? 2016ರ ಜೂನ್ 4ರಂದು ರಾಜ್ಯದ ಕೆಳಹಂತದ ಪೊಲೀಸ್ ಸಿಬ್ಬಂದಿ ಸಾಮೂಹಿಕ ರಜೆ ಹಾಕುತ್ತಾರೆ ಎಂಬ ಸುದ್ದಿ ಸರ್ಕಾರವನ್ನೇ ನಡುಗಿಸಿತ್ತು. ವೇತನ, ರಜೆ, ಮೇಲಧಿಕಾರಿಗಳ ಕಿರುಕುಳ ಅವರ ದೂರುಗಳಾಗಿದ್ದವು. ರಜೆಯ ಚಳವಳಿ ನಡೆಯಲಿಲ್ಲ. ಆದರೆ ಒಳಗಿನ ಕುದಿ ಲೋಕಕ್ಕೆ ಗೊತ್ತಾಯಿತು. ಮರುತಿಂಗಳು, ಜುಲೈ ಮೊದಲ ವಾರದಲ್ಲಿ, ಕೆಲವೇ ದಿನಗಳ ಅಂತರದಲ್ಲಿ ಇಬ್ಬರು ಡಿ.ವೈ.ಎಸ್.ಪಿ.ಗಳು ತಮ್ಮ ಬದುಕನ್ನು ತಾವೇ ಕೊನೆಗಾಣಿಸಿಕೊಂಡಾಗ ಇಡೀ ರಾಜ್ಯ ಬೆಚ್ಚಿಬಿತ್ತು. ಇಂಥ ಸಾವುಗಳಿಗೆ ಒಂದೇ ಕಾರಣ ಇರುವುದಿಲ್ಲ, ಹೊರಗಿನವರು ತೀರ್ಪು ಕೊಡುವುದೂ ಸಲ್ಲ. ಆದರೆ ಹುದ್ದೆ ದೊಡ್ಡದಾದ ಮಾತ್ರಕ್ಕೆ ಮನಸ್ಸು ಕಬ್ಬಿಣವಾಗುವುದಿಲ್ಲ ಎಂಬುದು ಎಲ್ಲರಿಗೂ ಮನದಟ್ಟಾಯಿತು.

ಹಿರಿಯ ಅಧಿಕಾರಿ ರಾಘವೇಂದ್ರ ಔರಾದ್ಕರ್ ನೇತೃತ್ವದ ಸಮಿತಿ ಅದೇ ವರ್ಷ ವರದಿ ಕೊಟ್ಟಿತು. ಸಿಬ್ಬಂದಿಯ ವೇತನ ಹೆಚ್ಚಿಸಬೇಕೆಂಬ ಶಿಫಾರಸು ಜಾರಿಗೆ ಬರಲು 2019 ಬರಬೇಕಾಯಿತು. 2025ರ ಅಕ್ಟೋಬರ್‌ನಲ್ಲಿ ಕಾನ್‌ಸ್ಟೆಬಲ್‌ಗಳ ಹಳೆಯ ಸ್ಲೋಚ್ ಹ್ಯಾಟ್ ಇಳಿದು ಕಡುನೀಲಿ ಪೀಕ್ ಕ್ಯಾಪ್ ಬಂದಿತು. ತಲೆಯ ಮೇಲಿನದು ಹಗುರವಾಯಿತು, ಸಂತೋಷ. ತಲೆಯೊಳಗಿನ ಭಾರವನ್ನೂ ಇಳಿಸಬೇಕಾಗಿದೆ.

ಇಳಿಸಲು ಸಾಧ್ಯವೆ? ಮುಂಬೈಯ ಒಂದು ಉದಾಹರಣೆ ಭರವಸೆ ಹುಟ್ಟಿಸುತ್ತದೆ. ಅಲ್ಲಿ ಠಾಣೆಗಳಲ್ಲಿ ಹನ್ನೆರಡು ಗಂಟೆಯ ಪಾಳಿ ಬಹುಕಾಲದ ರೂಢಿ. ಎಂಟು ಗಂಟೆಯ ಪಾಳಿ ಸಾಧ್ಯವೆಂದು ಲೆಕ್ಕ ಹಾಕಿ ತೋರಿಸಿದವರು ಯಾವ ದೊಡ್ಡ ಸಾಹೇಬರೂ ಅಲ್ಲ. ದೇವನಾರ್ ಠಾಣೆಯ ಸಾಮಾನ್ಯ ಸಿಬ್ಬಂದಿಯೊಬ್ಬರು! ಆಗಿನ ಕಮಿಷನರ್ ದತ್ತಾ ಪಡಸಲಗೀಕರ್ ಅದನ್ನು ತಳ್ಳಿಹಾಕದೆ 2016ರಲ್ಲಿ ಅದೇ ಠಾಣೆಯಲ್ಲಿ ಪ್ರಯೋಗ ಮಾಡಿಸಿದರು. ಮರುವರ್ಷ ನಗರದ ಉಳಿದ ಠಾಣೆಗಳಿಗೂ ಅದನ್ನು ವಿಸ್ತರಿಸಿದರು. ಕೆಳಗಿನವರ ಮಾತಿಗೆ ಮೇಲಿನವರು ಕಿವಿಗೊಟ್ಟರೆ ಏನಾಗಬಹುದು ಎಂಬುದಕ್ಕೆ ಇದು ಸಾಕ್ಷಿ.

ಧ್ಯಾನ ಶಿಬಿರ, ಯೋಗ ತರಗತಿ, ಕ್ರೀಡಾಕೂಟ ಇವೆಲ್ಲ ಒಳ್ಳೆಯವೇ. ಆದರೆ ಹದಿನಾಲ್ಕು ಗಂಟೆ ದುಡಿಸಿ ಹದಿನೈದನೆಯ ಗಂಟೆಯಲ್ಲಿ ಯೋಗ ಮಾಡಿಸಿದರೆ ಅದೂ ಇನ್ನೊಂದು ಡ್ಯೂಟಿಯಾಗುತ್ತದೆ, ಅಷ್ಟೆ. ಮೊದಲು ಬೇಕಾದದ್ದು ಖಾಲಿ ಹುದ್ದೆಗಳ ಭರ್ತಿ, ತಪ್ಪದ ವಾರದ ರಜೆ, ಅವಮಾನವಿಲ್ಲದ ಮಾತು. ಅದರ ಜೊತೆಗೆ, ಆಪ್ತಸಲಹೆಗಾರರ ಬಳಿ ಹೋದರೆ ‘ತಲೆ ಕೆಟ್ಟವನು’ ಎಂಬ ಹಣೆಪಟ್ಟಿ ಬೀಳುವುದಿಲ್ಲ, ಬಡ್ತಿಗೆ ಅಡ್ಡಿಯಾಗುವುದಿಲ್ಲ, ಹೇಳಿದ ಮಾತು ಸಾಹೇಬರ ಕಿವಿಗೆ ಬೀಳುವುದಿಲ್ಲ ಎಂಬ ಖಾತರಿ. ಈ ಖಾತರಿ ಇಲ್ಲದೆ ನೂರು ಸಹಾಯವಾಣಿ ತೆರೆದರೂ ಫೋನು ಎತ್ತುವವರು ಕಡಿಮೆಯೇ.

ಪೊಲೀಸ್ ಆಗಬಯಸುವ ಮಕ್ಕಳಿಗೆ

ಹಾಗೆಂದು ಈ ಕೆಲಸವೇ ಬೇಡ ಎನ್ನುವುದು ಈ ಲೇಖನದ ಉದ್ದೇಶವಲ್ಲ. ಕಳೆದುಹೋದ ಮಗುವನ್ನು ತಾಯಿಯ ಮಡಿಲಿಗೆ ಹಾಕಿದ ಸಂತೋಷ ಯಾವ ಸಂಬಳಕ್ಕೂ ಸಮವಲ್ಲ. ಅಂಥ ದಿನಗಳು ಈ ವೃತ್ತಿಯಲ್ಲಿ ಬೇಕಾದಷ್ಟಿವೆ. ಕಣ್ಣು ತೆರೆದು ಬನ್ನಿ ಎಂಬುದಷ್ಟೇ ಮಾತು. ಮಗ ಅಥವಾ ಮಗಳು ಪಿ.ಎಸ್.ಐ. ಆಗಲೆಂದು ಹರಕೆ ಹೊತ್ತ ತಂದೆ ತಾಯಂದಿರು, ‘ಆಯ್ಕೆಯಾದರೆ ಸಾಕು’ ಎನ್ನುವ ಬದಲು ‘ಆಯ್ಕೆಯಾಗದಿದ್ದರೂ ನೀನು ನಮ್ಮ ಮಗುವೇ’ ಎಂದು ಒಮ್ಮೆ ಹೇಳಿ ನೋಡಿ.

2021ರಲ್ಲಿ ನಡೆದ 545 ಪಿ.ಎಸ್.ಐ. ಹುದ್ದೆಗಳ ಪರೀಕ್ಷೆ ಅಕ್ರಮದ ಕಾರಣ 2022ರಲ್ಲಿ ರದ್ದಾಗಿ, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಓದಿದವರೂ ವರ್ಷಗಟ್ಟಲೆ ಕಾಯಬೇಕಾಯಿತು. ವಿಜಯನಗರದ ಓದುವ ಕೋಣೆಗಳಲ್ಲಿ ಆ ದಿನಗಳನ್ನು ನುಂಗಿಕೊಂಡು ಮತ್ತೆ ಪುಸ್ತಕ ತೆರೆದವರು, ಖಾಕಿ ತೊಡುವ ಮೊದಲೇ ಮನೋಸ್ಥೈರ್ಯದ ಪಾಠ ಕಲಿತರು ಎನ್ನಬಹುದು. ನಾಳೆ ಠಾಣೆಯಲ್ಲಿ ಕುಳಿತಾಗ, ಎದುರಿಗೆ ಕಣ್ಣೀರಿಡುತ್ತಾ ನಿಂತವರನ್ನು ಕಂಡರೆ ಅವರಿಗೆ ತಮ್ಮ ಆ ದಿನಗಳು ನೆನಪಾಗಲಿ.

ಓದದ ಹೆಸರುಗಳು

ಪ್ರತಿ ವರ್ಷ ಅಕ್ಟೋಬರ್ 21 ಪೊಲೀಸ್ ಹುತಾತ್ಮರ ದಿನ. 1959ರ ಆ ದಿನ ಲಡಾಖಿನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಚೀನಾ ಸೈನಿಕರ ದಾಳಿಗೆ ಹತ್ತು ಮಂದಿ ಪೊಲೀಸರು ಬಲಿಯಾದರು. ಮೈಸೂರು ರಸ್ತೆಯ ಸಶಸ್ತ್ರ ಮೀಸಲು ಪಡೆಯ ಆವರಣದಲ್ಲಿರುವ ಸ್ಮಾರಕದ ಮುಂದೆ ಆ ದಿನ ಪುಷ್ಪಗುಚ್ಛ ಇಡುತ್ತಾರೆ, ಕರ್ತವ್ಯದಲ್ಲಿ ಮಡಿದವರ ಹೆಸರುಗಳನ್ನು ಓದುತ್ತಾರೆ, ಗಾಳಿಯಲ್ಲಿ ಗುಂಡು ಹಾರಿಸಿ ಗೌರವ ಸಲ್ಲಿಸುತ್ತಾರೆ. ಕರ್ತವ್ಯದ ಭಾರಕ್ಕೆ ಒಳಗೊಳಗೇ ಕುಸಿದವರ, ನಿದ್ದೆ ಕಳೆದುಕೊಂಡವರ, ಕುಡಿತಕ್ಕೆ ಬಿದ್ದು ಸಂಸಾರ ಕಳೆದುಕೊಂಡವರ ಹೆಸರುಗಳನ್ನು ಮಾತ್ರ ಯಾರೂ ಓದುವುದಿಲ್ಲ. ಅವರ ಪಟ್ಟಿಯನ್ನು ಯಾರೂ ಬರೆದಿಟ್ಟಿಲ್ಲ.

ಪಟ್ಟಿ ಬೆಳೆಯದಂತೆ ನೋಡಿಕೊಳ್ಳುವುದು ಸರ್ಕಾರದ, ಇಲಾಖೆಯ ಕೆಲಸ. ನಮ್ಮ ಪಾಲಿಗೂ ಒಂದಿಷ್ಟು ಉಳಿದಿದೆ. ಬಿಸಿಲಲ್ಲಿ ನಿಂತವರಿಗೆ ಒಂದು ಲೋಟ ನೀರು, ಪಕ್ಕದ ಮನೆಯ ಪೊಲೀಸರ ಮಗುವಿಗೆ ಹಬ್ಬದ ದಿನ ನಮ್ಮ ಮನೆಯಲ್ಲಿ ಒಂದು ಎಲೆ, ತಪ್ಪು ಕಂಡಾಗ ಕಾನೂನುಬದ್ಧವಾಗಿ ದೂರು, ಒಳ್ಳೆಯದು ಕಂಡಾಗ ಎರಡು ಸಾಲಿನ ಮೆಚ್ಚುಗೆ ಪತ್ರ. ಇಷ್ಟು ಮಾಡುವುದು ಕಷ್ಟವೇನಲ್ಲ.

ಮನೆಮಂದಿಗೆ ಕೆಲವು ಕಿವಿಮಾತು
(ಪೊಲೀಸ್ ಕುಟುಂಬಕ್ಕೂ, ಪರೀಕ್ಷೆಗೆ ಓದುವ ಮಕ್ಕಳಿರುವ ಕುಟುಂಬಕ್ಕೂ)

* ಡ್ಯೂಟಿ ಮುಗಿಸಿ ಬಂದವರನ್ನು, ಪರೀಕ್ಷೆ ಮುಗಿಸಿ ಬಂದವರನ್ನು ಬಾಗಿಲಲ್ಲೇ ಪ್ರಶ್ನೆ ಕೇಳಬೇಡಿ. ಮುಖ ತೊಳೆದು, ಒಂದು ಲೋಟ ಕಾಫಿ ಕುಡಿಯುವವರೆಗೆ ಸುಮ್ಮನಿರಿ.
* ದಿನಕ್ಕೆ ಒಂದು ಊಟವಾದರೂ ಟಿ.ವಿ., ಮೊಬೈಲು ಇಲ್ಲದೆ ಒಟ್ಟಿಗೆ ಆಗಲಿ.
* ನಿದ್ದೆಗೆ ಮೊದಲ ಮರ್ಯಾದೆ. ರಾತ್ರಿ ಪಾಳಿ ಮುಗಿಸಿ ಬಂದವರಿಗೆ ಹಗಲಲ್ಲಿ ಕತ್ತಲೆ ಮತ್ತು ನಿಶ್ಶಬ್ದ ಒದಗಿಸಿ.
* ಸಿಟ್ಟು, ಗಾಬರಿ ಉಕ್ಕಿದಾಗ ಉಸಿರನ್ನು ಒಳಗೆ ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡಿ. ಐದಾರು ಬಾರಿ ಹೀಗೆ ಮಾಡಿದರೆ ಗುಂಡಿಗೆಯ ಬಡಿತ ತಹಬಂದಿಗೆ ಬರುತ್ತದೆ.
* ಎರಡು ವಾರಕ್ಕೂ ಹೆಚ್ಚು ಕಾಲ ನಿದ್ದೆ ಇಲ್ಲದಿದ್ದರೆ, ಊಟ ಬೇಡವಾದರೆ, ಕುಡಿತ ಹೆಚ್ಚಿದರೆ, ‘ನಾನಿದ್ದೇನು ಪ್ರಯೋಜನ’ ಎಂಬಂಥ ಮಾತು ಬಂದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಒಬ್ಬರೇ ಇರಲು ಬಿಡಬೇಡಿ, ವೈದ್ಯರ ಬಳಿ ಕರೆದೊಯ್ಯಿರಿ.
* ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ‘ಟೆಲಿ ಮಾನಸ್’ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಹಣ ಕೊಡಬೇಕಾಗಿಲ್ಲ.